ಅರ್ಧ ಕುಸಿದ ಹಳೆಯ ಕಟ್ಟಡವನ್ನು ಜೀರ್ಣೋದ್ಧಾರದವರೆಗೆ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮ ಸಮಿತಿಯ ಸುಪರ್ದಿಯಲ್ಲಿ ಸುಮಾರು ಇನ್ನೂರು ವರ್ಷ ಹಳೆಯದಾದ ಎರಡಂತಸ್ತಿನ ಕಲ್ಲಿನ ಕಟ್ಟಡವೊಂದಿದೆ. ಈಚಿನ ಬಿರುಮಳೆಗೆ ಅದರ ಒಂದು ಮೂಲೆ, ಅದರ ಮೇಲಿನ ಚಾವಣಿ ಮತ್ತು ಒಳಅಂಗಳದ ಕಮಾನುಸಾಲಿನ ಒಂದು ಕಮಾನು ಕುಸಿದಿವೆ. ಉಳಿದಿರುವ ಹೊರಗೋಡೆ ಆರು ಮೀಟರ್ ಎತ್ತರವಿದ್ದು, ನೆತ್ತಿಯಲ್ಲಿ ಒಂದು ಗೇಣಿನಷ್ಟು ಹೊರಕ್ಕೆ ವಾಲಿದೆ. ಪೂರ್ಣ ಜೀರ್ಣೋದ್ಧಾರಕ್ಕೆ ಹಣ ಮತ್ತು ಅನುಮತಿ ದೊರೆಯಲು ಎರಡು ವರ್ಷವಾದರೂ ಬೇಕು. ಅಪಾಯವಿರುವುದರಿಂದ ಗೋಡೆಯನ್ನು ಕೆಡವಿಬಿಡಿ ಎಂದು ಕೆಲವರು ಹೇಳುತ್ತಾರೆ; ಕಾಂಕ್ರೀಟಿನ ಆಸರೆಗೋಡೆ ಕಟ್ಟಿ, ಬಿರುಕುಗಳಿಗೆ ಸಿಮೆಂಟ್ ಹಾಲು ತುಂಬಿಸಿ ಎಂದು ಗುತ್ತಿಗೆದಾರರು ಹೇಳುತ್ತಾರೆ. ನಾವು ಏನು ಮಾಡಬೇಕು?

ಉತ್ತರ: ಈ ಎರಡು ಸಲಹೆಗಳಲ್ಲಿ ಯಾವುದನ್ನೂ ಸದ್ಯಕ್ಕೆ ಒಪ್ಪಿಕೊಳ್ಳಬೇಡಿ. ಕೆಡವಿದ ಗೋಡೆ ಮರಳಿ ಬರುವುದಿಲ್ಲ. ಸಿಮೆಂಟ್ ತುಂಬಿದ ಗೋಡೆಯೂ ಮೊದಲಿನ ಗೋಡೆಯಾಗಿ ಉಳಿಯುವುದಿಲ್ಲ. ತುರ್ತು ಭದ್ರತೆಯ ಕೆಲಸ ದುರಸ್ತಿಯಲ್ಲ. ಕಟ್ಟಡವು ಈಗ ಯಾವ ಸ್ಥಿತಿಯಲ್ಲಿ, ಯಾವ ಓರೆಯಲ್ಲಿ, ಎಷ್ಟು ಬಿರುಕು ಬಿಟ್ಟು ನಿಂತಿದೆಯೋ ಅದೇ ಸ್ಥಿತಿಯಲ್ಲಿ ಅದನ್ನು ಹಿಡಿದು ನಿಲ್ಲಿಸಿ, ಯೋಚಿಸುವುದಕ್ಕೆ ಬೇಕಾದ ಕಾಲವನ್ನು ಗಳಿಸಿಕೊಳ್ಳುವುದು ಅದರ ಉದ್ದೇಶ. ವಾಲಿದ್ದನ್ನು ನೆಟ್ಟಗೆ ಮಾಡುವ, ಜಾರಿದ ಕಲ್ಲನ್ನು ಮರಳಿ ಕೂರಿಸುವ ಆಸೆಯನ್ನು ಈ ಹಂತದಲ್ಲಿ ಬಿಡಬೇಕು. ನಾಳೆ ಜೀರ್ಣೋದ್ಧಾರಕ್ಕೆ ಬರುವವರು ಗುರುತು ಉಳಿಯದಂತೆ ತೆಗೆದುಹಾಕಬಹುದಾದ ಕೆಲಸವನ್ನಷ್ಟೇ ಈಗ ಮಾಡಬೇಕು.

ಎಲ್ಲಕ್ಕಿಂತ ಮೊದಲು ಜನರ ಸುರಕ್ಷತೆ. ವಾಲಿದ ಗೋಡೆಯ ಎತ್ತರದ ಕನಿಷ್ಠ ಒಂದೂವರೆ ಪಟ್ಟು ದೂರದವರೆಗೆ, ಎಂದರೆ ನಿಮ್ಮಲ್ಲಿ ಒಂಬತ್ತು ಮೀಟರ್‌ವರೆಗೆ, ಗಟ್ಟಿಯಾದ ಬೇಲಿ ಹಾಕಿ ಯಾರೂ ಸುಳಿಯದಂತೆ ನೋಡಿಕೊಳ್ಳಿ. ಒಳಗಿರುವ ಕಡತ, ಪೀಠೋಪಕರಣ, ವಿಗ್ರಹ ಯಾವುದನ್ನು ತರುವುದಕ್ಕೂ ಒಬ್ಬರೂ ಒಳಗೆ ಹೋಗಬಾರದು. ಇದನ್ನು ಪರಿಶೀಲನೆಗೆ ಬರುವ ತಜ್ಞರಿಗೂ ಅನ್ವಯಿಸಿ. 1997ರ ಸೆಪ್ಟೆಂಬರ್ 26ರಂದು ಇಟಲಿಯ ಅಸ್ಸಿಸಿಯಲ್ಲಿ ಹಿಂದಿನ ರಾತ್ರಿಯ ಭೂಕಂಪದ ಹಾನಿಯನ್ನು ನೋಡಲು ಸಂತ ಫ್ರಾನ್ಸಿಸ್ ಬೆಸಿಲಿಕಾದ ಒಳಗೆ ಹೋಗಿದ್ದವರ ಮೇಲೆ ಎರಡನೆಯ ಕಂಪನದಲ್ಲಿ ಕಮಾನು ಚಾವಣಿ ಕುಸಿದು ನಾಲ್ವರು ಸತ್ತರು. ಅದಕ್ಕೆ ವಿರುದ್ಧವಾಗಿ, ವೆನಿಸ್ಸಿನ ಸಂತ ಮಾರ್ಕ್ ಚೌಕದ ಗಂಟೆಗೋಪುರದಲ್ಲಿ 1902ರ ಜುಲೈನಲ್ಲಿ ಬಿರುಕು ಬೆಳೆಯುತ್ತಿರುವುದನ್ನು ಕಂಡು ಚೌಕವನ್ನು ಮೊದಲೇ ತೆರವು ಮಾಡಿದ್ದರಿಂದ, 14ರಂದು ಇಡೀ ಗೋಪುರವೇ ಕೆಳಗುರುಳಿದರೂ ಜನರಲ್ಲಿ ಒಬ್ಬರೂ ಸಾಯಲಿಲ್ಲ.

ಬೇಲಿ ಹಾಕಿದ ಮೇಲೆ, ಹೊರಗಿನಿಂದಲೇ, ದುರ್ಬೀನು ಮತ್ತು ಡ್ರೋನ್ ಕ್ಯಾಮೆರಾದ ಸಹಾಯದಿಂದ ಕಟ್ಟಡವನ್ನು ಓದಬೇಕು. ಮೂಲೆ ಕುಸಿದದ್ದು ಏಕೆ ಎಂಬುದಕ್ಕೆ ಉತ್ತರ ಸಿಗದೆ ಆಧಾರ ಕೊಡಲು ಹೊರಟರೆ, ಅಡಿಪಾಯ ಕುಸಿಯುತ್ತಿರುವಾಗ ಗೋಡೆಯ ತಲೆಯನ್ನು ಹಿಡಿದಂತಾಗಬಹುದು. ಚಾವಣಿಯ ನೀರು ಮೂಲೆಯ ಬುಡಕ್ಕೆ ಇಳಿದು ಮಣ್ಣು ಕೊಚ್ಚಿಹೋಗಿದೆಯೇ, ಗೋಡೆಯ ನಡುವಿನ ತುಂಬು ನೆನೆದು ಹೊರಮೈ ಕಳಚಿಕೊಂಡಿದೆಯೇ, ತೊಲೆಗಳ ತುದಿ ಕೊಳೆತು ಚಾವಣಿಯೇ ಮೊದಲು ಇಳಿದಿದೆಯೇ ಎಂಬುದನ್ನು ಒಡೆದ ಅಂಚುಗಳೇ ಹೇಳುತ್ತವೆ. ಕುಸಿದ ಜಾಗದಲ್ಲಿ ಗೋಡೆಯ ಅಡ್ಡಕೊಯ್ತ ಬಯಲಾಗಿರುತ್ತದೆ. ಅದನ್ನು ಹತ್ತಿರದ ಚಿತ್ರಗಳಲ್ಲಿ ಚೆನ್ನಾಗಿ ನೋಡಿ. ಹೊರಗೊಂದು, ಒಳಗೊಂದು ಅಚ್ಚುಕಟ್ಟಾದ ಕಲ್ಲಿನ ಮೈ ಕಟ್ಟಿ, ನಡುವೆ ಚೂರುಕಲ್ಲು, ಮಣ್ಣು, ಸುಣ್ಣ ಸುರಿದಿದ್ದರೆ, ಎರಡೂ ಮೈಗಳನ್ನು ಹಿಡಿಯುವ ಉದ್ದನೆಯ ಅಡ್ಡಗಲ್ಲುಗಳು ಎಷ್ಟಿವೆ ಎಂದು ಎಣಿಸಿ. ಅವು ವಿರಳವಾಗಿದ್ದರೆ ಅರವತ್ತು ಸೆಂಟಿಮೀಟರ್ ದಪ್ಪವೆಂದು ಕಾಣುವ ಗೋಡೆ ನಿಜಕ್ಕೂ ಇಪ್ಪತ್ತು ಸೆಂಟಿಮೀಟರಿನ ಎರಡು ತೆಳು ಗೋಡೆಗಳು ಮತ್ತು ನಡುವೆ ಒಂದಿಷ್ಟು ಪುಡಿ ಎಂದೇ ತಿಳಿಯಬೇಕು. ಅಂಥ ಗೋಡೆ ವಾಲಿರುವುದಕ್ಕಿಂತ ಉಬ್ಬಿರುವುದು ಹೆಚ್ಚು ಅಪಾಯಕಾರಿ. ಇನ್ನು, ಭಾರ ಹೊತ್ತ ಕಂಬಗಳಲ್ಲಿ ಒಂದರ ಪಕ್ಕ ಒಂದರಂತೆ ಸಣ್ಣ ನೇರ ಬಿರುಕುಗಳು ಕಾಣಿಸಿದರೆ ಅದು ಕಲ್ಲು ಜಜ್ಜಿಹೋಗುತ್ತಿರುವ ಗುರುತು. ಅಗಲವಾದ ಓರೆ ಬಿರುಕಿಗಿಂತ ಇದಕ್ಕೆ ನಾನು ಹೆಚ್ಚು ಹೆದರುತ್ತೇನೆ. ಇಟಲಿಯ ಪಾವಿಯಾದ ನಗರಗೋಪುರ 1989ರ ಮಾರ್ಚ್ 17ರಂದು ಕುಸಿದು ನಾಲ್ವರನ್ನು ಬಲಿ ತೆಗೆದುಕೊಂಡಾಗ ಭೂಕಂಪವಿರಲಿಲ್ಲ. ಶತಮಾನಗಳಿಂದ ಹೊತ್ತ ತನ್ನದೇ ಭಾರಕ್ಕೆ ಅದರ ಗೋಡೆಗಳು ನಿಧಾನವಾಗಿ ಸೋತಿದ್ದವು.

ಈಗ ನಿಮ್ಮ ಗೋಡೆಯ ವಿಷಯ. ಕೆಡವಿ ಎನ್ನುವವರು ಗೇಣು ವಾಲಿದೆ ಎಂಬುದನ್ನೇ ಕಾರಣವಾಗಿ ಹೇಳುತ್ತಿರಬಹುದು. ಲೆಕ್ಕ ಮಾಡಿ ನೋಡೋಣ. ಗೋಡೆ ಅರವತ್ತು ಸೆಂಟಿಮೀಟರ್ ದಪ್ಪವಿದೆ, ಕಲ್ಲುಗಾರೆ ಒಂದು ಘನ ಮೀಟರಿಗೆ 2,200 ಕಿಲೋ ತೂಗುತ್ತದೆ ಎಂದು ಹಿಡಿದರೆ, ಆರು ಮೀಟರ್ ಎತ್ತರದ ಈ ಗೋಡೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 8 ಟನ್ ತೂಗುತ್ತದೆ. ನೆತ್ತಿ 20 ಸೆಂಟಿಮೀಟರ್ ಹೊರಬಂದಿದ್ದರೆ ಭಾರದ ಕೇಂದ್ರ 10 ಸೆಂಟಿಮೀಟರ್ ಸರಿದಿರುತ್ತದೆ. ಗೋಡೆಯ ದಪ್ಪದ ಆರನೆಯ ಒಂದು ಭಾಗದಷ್ಟು ಸರಿಯುವವರೆಗೆ ಬುಡದ ಕಲ್ಲುಗಳೆಲ್ಲವೂ ಒತ್ತಡದಲ್ಲೇ ಇರುತ್ತವೆ. ಅದನ್ನು ಮೀರಿದರೆ ಒಳಬದಿಯ ಬುಡ ಬಾಯಿಬಿಡತೊಡಗುತ್ತದೆ. ಅಂದರೆ ಗೋಡೆ ಒಂದೇ ಮೈಯಾಗಿ ವರ್ತಿಸಿದರೆ, ಅದು ಈಗ ಸರಿಯಾಗಿ ಆ ಮಿತಿಯಲ್ಲಿದೆ; ಬೀಳುವ ಮಿತಿ ಇನ್ನೂ ದೂರವಿದೆ. ಅದನ್ನು ಹಿಡಿಯಲು ಬೇಕಾದ ಬಲವಾದರೂ ಎಷ್ಟು? ಬುಡದ ಅಗಲ ಕೊಡುವ ನೆರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ನಾಲ್ಕು ಮೀಟರ್ ಎತ್ತರದಲ್ಲಿ ಆಧಾರ ಕೊಟ್ಟರೂ ಪ್ರತಿ ಮೀಟರಿಗೆ ಸುಮಾರು 200 ಕಿಲೋ ಅಡ್ಡಬಲ ಸಾಕು. ಚಾವಣಿಯೂ ಅಡ್ಡಗೋಡೆಯೂ ಇಲ್ಲದೆ ಬಯಲಿಗೆ ಬಿದ್ದ ಗೋಡೆಗೆ ಬಿರುಗಾಳಿ ಚದರ ಮೀಟರಿಗೆ 100 ಕಿಲೋದಂತೆ ಬಡಿದರೆ ಅದಕ್ಕೆ ಇನ್ನೊಂದು 450 ಕಿಲೋ ಸೇರಿಸಬೇಕು. ಎಂಟು ಟನ್ ತೂಗುವ ಗೋಡೆ ಚಲಿಸತೊಡಗಿದ ಮೇಲೆ ಅದನ್ನು ತಡೆಯಲು ಯಾವ ಆಧಾರವೂ ಸಾಲದು. ಚಲಿಸುವ ಮೊದಲು ಹಿಡಿದರೆ ಮುಕ್ಕಾಲು ಟನ್ನಿಗಿಂತ ಕಡಿಮೆ ಬಲ ಸಾಕು. ಕಾಂಕ್ರೀಟಿನ ದೊಡ್ಡ ಆಸರೆಗೋಡೆ ಬೇಡ, ಆದರೆ ತಡಮಾಡಬಾರದು ಎಂದು ನಾನು ಹೇಳುವುದಕ್ಕೆ ಕಾರಣ ಈ ಅಂತರವೇ. ನಿಮ್ಮ ಸ್ಥಳದ ನಿಜವಾದ ಅಳತೆ, ಗಾಳಿ, ಭೂಕಂಪದ ವಲಯ ಇವುಗಳನ್ನು ಹಿಡಿದು ಹಳೆಯ ಕಲ್ಲುಕಟ್ಟಡಗಳ ಅನುಭವವಿರುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಈ ಲೆಕ್ಕವನ್ನು ಹೊಸದಾಗಿ ಮಾಡಿ ಸಹಿ ಹಾಕಬೇಕು.

ಆಧಾರವೆಂದರೆ ಓರೆಯಾಗಿ ಒರಗಿಸುವ ಮರದ ಅಥವಾ ಉಕ್ಕಿನ ಊರೆಗಳು (ಆಸರೆ ಕಂಬಗಳು). ಇವುಗಳನ್ನು ಎರಡು ಮೀಟರಿಗೊಂದರಂತೆ ಕೊಡುವುದಾದರೆ ಮೇಲಿನ ಲೆಕ್ಕದಂತೆ ಪ್ರತಿಯೊಂದೂ 1.3 ಟನ್ ಅಡ್ಡಬಲವನ್ನು ತಡೆಯಬೇಕು. ಊರೆಯನ್ನು ನೆಲಕ್ಕೆ 60 ಡಿಗ್ರಿ ಓರೆಯಲ್ಲಿ ನಿಲ್ಲಿಸಿದರೆ ಅದರ ಉದ್ದಕ್ಕೆ 2.6 ಟನ್ ಒತ್ತಡ ಬರುತ್ತದೆ. ಜೊತೆಗೆ, ಅನೇಕರು ಮರೆಯುವ ಸಂಗತಿಯೆಂದರೆ, ಗೋಡೆಯನ್ನು ಮೇಲಕ್ಕೆ ಎತ್ತುವ 2.25 ಟನ್ ಬಲವೂ ಹುಟ್ಟುತ್ತದೆ. ಊರೆಯ ತಲೆ ಗೋಡೆಯ ಮೈಮೇಲೆ ಮೇಲಕ್ಕೆ ಜಾರಿಬಿಟ್ಟರೆ ಆಧಾರವೇ ಇಲ್ಲದಂತೆ. ಆದ್ದರಿಂದ ಗೋಡೆಗೆ ತಾಗಿ ದಪ್ಪ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಹಲಗೆಯ ಮೂಲಕ ಗೋಡೆಯ ಸಂದಿನೊಳಕ್ಕೆ ಗಟ್ಟಿಮರದ ತುಂಡನ್ನು ತೂರಿಸಿ, ಆ ತುಂಡಿನ ಕೆಳಗೆ ಊರೆಯ ತಲೆ ಕೂರುವಂತೆ ಮಾಡಬೇಕು. ತುಂಡಿನ ಮೇಲಿರುವ ಗೋಡೆಯ ಭಾರವೇ ಅದನ್ನು ಅದುಮಿ ಹಿಡಿಯುತ್ತದೆ. ಹಳೆಯ ಗೋಡೆಗಳಲ್ಲಿ ಕಟ್ಟುವಾಗಿನ ಅಟ್ಟಣೆಯ ತೂತುಗಳು, ಕಿಟಕಿಯ ಮೂಲೆಗಳು ಸಾಮಾನ್ಯವಾಗಿ ಸಿಗುತ್ತವೆ. ಹೊಸದಾಗಿ ಕೊರೆಯುವ ಅಗತ್ಯ ಬೀಳುವುದಿಲ್ಲ, ಬೀಳಲೂಬಾರದು. ಸ್ಥಳವಿದ್ದರೆ 45 ಡಿಗ್ರಿಗೆ ಹತ್ತಿರವಾಗಿ ಒರಗಿಸಿ, ಎತ್ತುವ ಬಲ ಅಷ್ಟರಮಟ್ಟಿಗೆ ಇಳಿಯುತ್ತದೆ. ಊರೆಯ ಬುಡ ಅಗಲವಾದ ಹಾಸುಹಲಗೆಯ ಮೇಲಿರಬೇಕು. ಆ ನೆಲದ ಕೆಳಗೆ ಚರಂಡಿ, ನೆಲಮಾಳಿಗೆ, ಹೊಸದಾಗಿ ತುಂಬಿದ ಮಣ್ಣು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಬುಡದಲ್ಲಿ ಎದುರುಬದುರಾಗಿ ಒಂದು ಜೊತೆ ಬೆಣೆಗಳನ್ನು ಇಟ್ಟು ಬಿಗಿಮಾಡುವುದು ವಾಡಿಕೆ. ಇಲ್ಲಿ ಕೈಯ ಹಿಡಿತ ಬಹಳ ಮುಖ್ಯ. ದೊಡ್ಡ ಸುತ್ತಿಗೆಯಿಂದ ಹೊಡೆದು ಗೋಡೆಯನ್ನು ಒಳಕ್ಕೆ ತಳ್ಳಲು ಹೋದರೆ, ಬಿರುಕುಗಳೊಳಗೆ ಉದುರಿ ತುಂಬಿಕೊಂಡ ಚೂರುಗಳು ಗೋಡೆ ಹಿಂದಕ್ಕೆ ಹೋಗದಂತೆ ತಡೆದು ಹೊಸ ಬಿರುಕು ಎಬ್ಬಿಸುತ್ತವೆ. ಬೆಣೆಯನ್ನು ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟುತ್ತಾ, ಹಲಗೆ ಮತ್ತು ಗೋಡೆಯ ನಡುವೆ ಸಂದಿಲ್ಲದೆ ಮುಟ್ಟಿ ಕೂತಿತು ಎನ್ನಿಸಿದ ಕೂಡಲೇ ನಿಲ್ಲಿಸಬೇಕು. ಒರಟು ಕಲ್ಲಿನ ಮೈಗೂ ಹಲಗೆಗೂ ನಡುವೆ ಉಳಿಯುವ ಜಾಗಕ್ಕೆ ಮೆತ್ತನೆಯ ಸುಣ್ಣದ ಗಾರೆಯನ್ನು ತೆಳುಬಟ್ಟೆಯ ಮೇಲೆ ಹಾಕಿ ತುಂಬಿದರೆ ಒತ್ತಡ ಎಲ್ಲ ಕಡೆ ಸಮವಾಗಿ ಹಂಚುತ್ತದೆ, ತೆಗೆಯುವಾಗ ಕಲ್ಲಿಗೆ ಅಂಟುವುದಿಲ್ಲ. ನನ್ನ ಒಲವು ಮರದ ಕಡೆಗೆ. ಬಿಸಿಲಿಗೆ 25 ಡಿಗ್ರಿ ಕಾದರೆ ಆರು ಮೀಟರಿನ ಉಕ್ಕಿನ ಕೊಳವೆ ಸುಮಾರು 1.8 ಮಿಲಿಮೀಟರ್ ಉದ್ದವಾಗುತ್ತದೆ. ದಿನವೂ ಗೋಡೆಯನ್ನು ಅಷ್ಟು ತಳ್ಳಿ ಬಿಡುತ್ತದೆ. ಮರ ಸ್ವಲ್ಪ ಬಗ್ಗುತ್ತದೆ, ಸೋಲುವ ಮೊದಲು ಸದ್ದು ಮಾಡುತ್ತದೆ, ಸ್ಥಳದಲ್ಲೇ ಕೊಯ್ದು ಹೊಂದಿಸಬಹುದು. ಆದರೆ ಹಸಿಮರ ಒಣಗಿ ಕುಗ್ಗುವುದರಿಂದ ಮೊದಲ ಕೆಲವು ವಾರ ಬೆಣೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು. ಉಬ್ಬಿರುವ ಭಾಗಕ್ಕೆ ಊರೆಯೊಂದೇ ಸಾಲದು: ಒಳಗೂ ಹೊರಗೂ ಹಲಗೆಗಳನ್ನಿಟ್ಟು, ಕಿಟಕಿಗಳ ಮೂಲಕ ಹಾಯಿಸಿದ ಉಕ್ಕಿನ ಸರಳುಗಳಿಂದ ಎರಡನ್ನೂ ಕಟ್ಟಿ, ಗೋಡೆಯ ಎರಡು ಮೈಗಳು ಬೇರೆಯಾಗದಂತೆ ಹಿಡಿಯಬೇಕು. ಕಿಟಕಿ ಬಾಗಿಲುಗಳ ತೆರಪಿಗೆ ಅಡ್ಡ ಮತ್ತು ಓರೆ ಮರಗಳನ್ನು ಕೊಡುವುದು ಸುಲಭದ ಕೆಲಸ. ಮೊದಲ ದಿನವೇ ಮುಗಿಸಿ. ಎಲ್ಲವನ್ನೂ ಹೊರಗೆ ಜೋಡಿಸಿ ತಂದು ನಿಲ್ಲಿಸಬೇಕು, ಗಟ್ಟಿಯಾಗಿರುವ ಕಡೆಯಿಂದ ಆರಂಭಿಸಿ ದುರ್ಬಲವಾದ ಕಡೆಗೆ ಸಾಗಬೇಕು. ಎತ್ತರದ ಕೆಲಸವನ್ನು ಕ್ರೇನಿನ ತೊಟ್ಟಿಲಿನಿಂದ ಮಾಡಬೇಕು, ಗೋಡೆಗೆ ಏಣಿ ಒರಗಿಸಿ ಅಲ್ಲ.

ಗೋಡೆಯ ಬಗ್ಗೆಯೇ ನೀವು ಹೆಚ್ಚು ಬರೆದಿದ್ದೀರಿ. ನನಗೆ ಅದಕ್ಕಿಂತ ದೊಡ್ಡ ಚಿಂತೆ ಅಂಗಳದ ಕಮಾನುಸಾಲಿನದು. ಪ್ರತಿ ಕಮಾನೂ ತನ್ನ ಎರಡು ಕಂಬಗಳನ್ನು ಹೊರಕ್ಕೆ ದೂಡುತ್ತಿರುತ್ತದೆ. ಪಕ್ಕದ ಕಮಾನು ಎದುರಿನಿಂದ ಅಷ್ಟೇ ದೂಡುವುದರಿಂದ ಕಂಬ ನೆಟ್ಟಗೆ ನಿಲ್ಲುತ್ತದೆ. ಒಂದು ಕಮಾನು ಬಿದ್ದ ಕೂಡಲೇ ಅದರ ಪಕ್ಕದ ಕಂಬಕ್ಕೆ ಒಂದೇ ಕಡೆಯ ತಳ್ಳು ಉಳಿಯುತ್ತದೆ. ಆ ಕಂಬ ಸರಿದರೆ ಮುಂದಿನ ಕಮಾನು, ಅದರಿಂದ ಅದರ ಮುಂದಿನದು, ಹೀಗೆ ಸಾಲಿಗೆ ಸಾಲೇ ಹೋಗುತ್ತದೆ. ರೋಮಿನ ಕೊಲೋಸಿಯಂನ ಹೊರಗೋಡೆಯ ಪೂರ್ವದ ತುದಿಗೆ ಇದೇ ಸ್ಥಿತಿ ಬಂದಿತ್ತು. 1806ರ ನಂತರ ವಾಸ್ತುಶಿಲ್ಪಿ ರಫಾಯೆಲೆ ಸ್ಟರ್ನ್ ಅಲ್ಲಿ ಇಟ್ಟಿಗೆಯ ದೊಡ್ಡ ಆಸರೆಯನ್ನು ಕಟ್ಟಿಸಿ, ಪಕ್ಕದ ಕಮಾನುಗಳ ತೆರಪನ್ನು ಇಟ್ಟಿಗೆಯಿಂದ ತುಂಬಿಸಿದರು. ಜಾರಿ ಕೆಳಗಿಳಿದ ಕಮಾನುಗಲ್ಲುಗಳನ್ನು ಅವರು ಮೇಲೆತ್ತಲಿಲ್ಲ. ಜಾರಿದ ಜಾಗದಲ್ಲೇ ಹಿಡಿದು ನಿಲ್ಲಿಸಿದರು. ಎರಡು ಶತಮಾನದ ಮೇಲೂ ಆ ಕಲ್ಲುಗಳು ಅದೇ ಓರೆಯಲ್ಲಿ ಕಾಣುತ್ತವೆ. ನಿಮ್ಮಲ್ಲಿ ಅಂಥ ಶಾಶ್ವತ ತುಂಬಿಕೆ ಬೇಡ. ಬಿದ್ದ ಕಮಾನಿನ ಪಕ್ಕದ ಕಂಬಕ್ಕೆ, ಕಮಾನು ಹುಟ್ಟುವ ಮಟ್ಟದಲ್ಲಿ, ಖಾಲಿಯಾದ ಕಡೆಯಿಂದ ಓರೆ ಊರೆ ಕೊಡಿ. ಖಾಲಿಯಾದ ಅಂಕಣದ ಎರಡೂ ಕಂಬಗಳು ನಿಂತಿದ್ದರೆ ಅವೆರಡರ ನಡುವೆ ಅದೇ ಮಟ್ಟದಲ್ಲಿ ಅಡ್ಡಮರ ಕೊಟ್ಟರೆ ಒಂದರ ತಳ್ಳನ್ನು ಇನ್ನೊಂದು ತಡೆಯುತ್ತದೆ. ಆನಂತರ ಉಳಿದ ಕಮಾನುಗಳ ಕೆಳಗೆ ಮರದ ಸೆಂಟ್ರಿಂಗ್, ಎಂದರೆ ಕಮಾನನ್ನು ಕೆಳಗಿನಿಂದ ಹೊರುವ ಚೌಕಟ್ಟು, ನಿಲ್ಲಿಸಿ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ, ಕಂಬ ಸರಿಯುತ್ತಿದ್ದರೆ ಸೆಂಟ್ರಿಂಗ್ ಒಂದರಿಂದಲೇ ಸಾಲನ್ನು ಉಳಿಸಲಾಗದು. ಸೆಂಟ್ರಿಂಗನ್ನೂ ಕಮಾನಿನ ಹೊಟ್ಟೆಗೆ ಮುಟ್ಟುವಷ್ಟೇ ಏರಿಸಬೇಕು. ಮೇಲಕ್ಕೆ ಎತ್ತಿದರೆ ಬಿಗಿಯಾಗಿದ್ದ ಕಲ್ಲುಗಳು ಸಡಿಲವಾಗುತ್ತವೆ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿಗೆ 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದ ಮೇಲೆ ಅದರ ಹೊರ ಆಸರೆಕಮಾನುಗಳ ಕೆಳಗೆ ಪ್ರತಿಯೊಂದರ ಅಳತೆಗೆ ತಕ್ಕಂತೆ ಮರದ ಚೌಕಟ್ಟುಗಳನ್ನು ಮಾಡಿ ನಿಲ್ಲಿಸಿದ್ದು ಇದೇ ತತ್ತ್ವದ ಮೇಲೆ. ಅಲ್ಲಿ ಭದ್ರಪಡಿಸುವ ಹಂತಕ್ಕೇ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು, ಮರುನಿರ್ಮಾಣ ಆಮೇಲೆ.

ನೀರನ್ನು ತಡೆಯದೆ ಈ ಊರೆಗಳೆಲ್ಲ ವ್ಯರ್ಥ. ಬಯಲಾದ ಗೋಡೆಯ ನೆತ್ತಿಯಿಂದ ಒಳಗಿಳಿದ ನೀರು ಮಣ್ಣಿನ ಗಾರೆಯನ್ನು ಕೆಸರು ಮಾಡುತ್ತದೆ, ತುಂಬಿನ ತೂಕ ಹೆಚ್ಚಿಸುತ್ತದೆ, ಎರಡು ಮೈಗಳನ್ನು ಒಳಗಿನಿಂದ ದೂಡುತ್ತದೆ. ಗೋಡೆಯ ನೆತ್ತಿಗೆ ಇಳಿಜಾರಾದ ಹಗುರ ತಗಡಿನ ಹೊದಿಕೆ ಕೊಟ್ಟು, ಅದರ ಅಂಚು ಗೋಡೆಯ ಮೈಯಿಂದ ಒಂದು ಗೇಣು ಆಚೆ ಚಾಚುವಂತೆ ಮಾಡಿ. ಟಾರ್ಪಾಲನ್ನು ವಾಲಿದ ಗೋಡೆಗೇ ಕಟ್ಟುವುದನ್ನು ಬಹಳ ಕಡೆ ಕಾಣುತ್ತೇವೆ; ಗಾಳಿ ತುಂಬಿದ ಟಾರ್ಪಾಲು ಹಡಗಿನ ಹಾಯಿಯಂತೆ ಗೋಡೆಯನ್ನು ಜಗ್ಗುತ್ತದೆ. ಹೊದಿಕೆಯ ಚಾವಣಿಗೆ ತನ್ನದೇ ಕಾಲುಗಳು, ತನ್ನದೇ ಅಡಿಭಾರ ಇರಬೇಕು. ಕಟ್ಟಡಕ್ಕೆ ಅದು ತಾಗಕೂಡದು. ಸುತ್ತಲಿನ ನೆಲದ ನೀರನ್ನು ಬುಡದಿಂದ ಆಚೆಗೆ ಹರಿಯುವಂತೆ ಆಳವಿಲ್ಲದ ಕಾಲುವೆ ಮಾಡಿ, ಅಡಿಪಾಯದ ಪಕ್ಕದಲ್ಲಿ ಆಳವಾಗಿ ಅಗೆಯಬೇಡಿ. ಗೋಡೆಯಲ್ಲಿ ಬೆಳೆದ ಗಿಡಗಳನ್ನು ಕೊಯ್ಯಿರಿ, ಬೇರನ್ನು ಕೀಳಬೇಡಿ.

ಕುಸಿದ ಕಲ್ಲಿನ ರಾಶಿಯನ್ನು ಜೆಸಿಬಿ ತಂದು ತೆರವು ಮಾಡುವ ಆತುರ ಬೇಡ. ಆ ರಾಶಿ ಸದ್ಯಕ್ಕೆ ಉಳಿದ ಗೋಡೆಯ ಬುಡಕ್ಕೆ ಒರಗಿ ನಿಂತ ಆಧಾರವೂ ಹೌದು, ಕಟ್ಟಡ ಹೇಗಿತ್ತೆಂಬುದರ ಸಾಕ್ಷಿಯೂ ಹೌದು. ಊರೆಗಳು ನಿಂತ ಮೇಲೆ, ನೆಲವನ್ನು ಚೌಕಗಳಾಗಿ ಗುರುತಿಸಿ, ಪದರಪದರವಾಗಿ ಚಿತ್ರ ತೆಗೆದು, ಮೇಲಿನಿಂದ ಕೆಳಕ್ಕೆ ಕೈಯಿಂದ ಬಿಡಿಸಬೇಕು. ಕೆತ್ತನೆಯ ಕಲ್ಲು, ಕಮಾನುಗಲ್ಲು, ಮೂಲೆಗಲ್ಲುಗಳಿಗೆ ಸಂಖ್ಯೆ ಬರೆದ ಚೀಟಿ ಕಟ್ಟಿ, ನೆಲಕ್ಕೆ ತಾಗದಂತೆ ಮರದ ಪಟ್ಟಿಗಳ ಮೇಲೆ ಜೋಡಿಸಿಡಿ. ಜರ್ಮನಿಯ ಡ್ರೆಸ್ಡೆನ್ನಿನ ಫ್ರೌವೆನ್‌ಕಿರ್ಷ ಚರ್ಚು 1945ರಲ್ಲಿ ಕುಸಿದು ದಶಕಗಳ ಕಾಲ ರಾಶಿಯಾಗಿಯೇ ಬಿದ್ದಿತ್ತು. 1990ರ ದಶಕದಲ್ಲಿ ಆ ರಾಶಿಯನ್ನು ಹೀಗೆಯೇ ಬಿಡಿಸಿ ದಾಖಲಿಸಿದ್ದರಿಂದ ಸಾವಿರಾರು ಹಳೆಯ ಕಲ್ಲುಗಳು 2005ರಲ್ಲಿ ಮುಗಿದ ಹೊಸ ಕಟ್ಟಡದೊಳಗೆ ಮರಳಿ ಸೇರಿದವು.

ಸಿಮೆಂಟ್ ಹಾಲಿನ ವಿಷಯಕ್ಕೆ ಬರುತ್ತೇನೆ. ನೆನೆದು ಸಡಿಲವಾದ ತುಂಬಿನೊಳಕ್ಕೆ ಒತ್ತಡದಲ್ಲಿ ದ್ರವವನ್ನು ನುಗ್ಗಿಸಿದರೆ, ಅದು ಗಟ್ಟಿಯಾಗುವ ಮೊದಲು ನೀರಿನಂತೆಯೇ ಎರಡು ಮೈಗಳನ್ನು ದೂಡುತ್ತದೆ. ಉಬ್ಬಿದ ಗೋಡೆ ತುಂಬಿಸುತ್ತಿರುವಾಗಲೇ ಸಿಡಿದುಹೋಗಬಹುದು. ಗಟ್ಟಿಯಾದ ಮೇಲೆ ಸುಣ್ಣದ ಗಾರೆಗಿಂತ ಹಲವು ಪಟ್ಟು ಬಿಗಿಯಾದ ತುಂಡುಗಳು ಗೋಡೆಯೊಳಗೆ ಅಲ್ಲಲ್ಲಿ ಉಳಿದು ಭಾರವನ್ನು ತಮ್ಮ ಕಡೆಗೇ ಎಳೆದುಕೊಳ್ಳುತ್ತವೆ. ಸಿಮೆಂಟಿನ ಲವಣಗಳು ತೇವದೊಡನೆ ಹೊರಬಂದು ಕಲ್ಲಿನ ಮೈಯನ್ನು ಹಕ್ಕಳೆಯಾಗಿ ಉದುರಿಸುತ್ತವೆ. ಒಮ್ಮೆ ತುಂಬಿದ್ದನ್ನು ತೆಗೆಯುವ ದಾರಿಯಿಲ್ಲ. ಗೋಡೆ ಒಣಗಿ, ಎರಡೂ ಕಡೆ ಹಲಗೆ ಕಟ್ಟಿದ ಮೇಲೆ, ಸುಣ್ಣದ ದ್ರವಗಾರೆಯನ್ನು ಒತ್ತಡವಿಲ್ಲದೆ ಸ್ವಲ್ಪಸ್ವಲ್ಪವಾಗಿ ಇಳಿಸುವ ವಿಧಾನವಿದೆ. ಅದು ಜೀರ್ಣೋದ್ಧಾರದ ಹಂತದ ಕೆಲಸ. ಕೆಡವುವುದೂ ಎಂದೆಂದೂ ಕೂಡದು ಎಂದು ನಾನು ಹೇಳುವುದಿಲ್ಲ. ಹಿಡಿದು ನಿಲ್ಲಿಸಲು ಯಾವ ಸುರಕ್ಷಿತ ದಾರಿಯೂ ಇಲ್ಲದ, ಅಂಚಿನಲ್ಲಿ ತೂಗಾಡುವ ನೆತ್ತಿಯ ಕಲ್ಲುಗಳನ್ನು ಚಿತ್ರ ತೆಗೆದು, ಸಂಖ್ಯೆ ಬರೆದು, ಒಂದೊಂದಾಗಿ ಇಳಿಸುವುದು ಸರಿಯಾದ ನಿರ್ಧಾರವೇ. ಆದರೆ ಅದು ಬಿಡಿಸುವುದು, ಕೆಡವುವುದಲ್ಲ.

ಊರೆ ನಿಂತ ದಿನದಿಂದಲೇ ಅಳತೆ ಆರಂಭವಾಗಬೇಕು. ಗೋಡೆಯ ನೆತ್ತಿಯ ಹತ್ತಿರದಿಂದ ತೂಗುಗುಂಡು ಇಳಿಬಿಟ್ಟು, ಗಾಳಿಗೆ ಓಲಾಡದಂತೆ ಗುಂಡನ್ನು ಎಣ್ಣೆ ತುಂಬಿದ ಬಕೀಟಿನಲ್ಲಿ ಮುಳುಗಿಸಿ, ದಾರ ಮತ್ತು ಬುಡದಲ್ಲಿ ಮಾಡಿದ ಗುರುತಿನ ನಡುವಿನ ಅಂತರವನ್ನು ಬರೆದಿಡಿ. ಬಿರುಕುಗಳಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ ತೋರಿಸುವ ಅಳತೆಪಟ್ಟಿಗಳನ್ನು ಕೂರಿಸಿ. ಕಲ್ಲು ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗುವುದರಿಂದ ದಿನವೂ ಒಂದೇ ಹೊತ್ತಿನಲ್ಲಿ, ಮುಂಜಾನೆಯಾದರೆ ಒಳ್ಳೆಯದು, ಅಳತೆ ತೆಗೆದು ತಾಪಮಾನವನ್ನೂ ಜೊತೆಗೆ ಬರೆಯಬೇಕು. ಹಿಗ್ಗಿ ಕುಗ್ಗಿ ಮರಳಿ ಅದೇ ಜಾಗಕ್ಕೆ ಬರುವ ಬಿರುಕಿಗೆ ಹೆದರಬೇಕಿಲ್ಲ. ಒಂದೇ ದಿಕ್ಕಿಗೆ ಹೋಗುತ್ತಿರುವುದು, ಅದರಲ್ಲೂ ಈ ವಾರದ ಏರಿಕೆ ಹೋದ ವಾರದ್ದಕ್ಕಿಂತ ಹೆಚ್ಚಾಗಿರುವುದು ಕಂಡರೆ ಕೆಲಸಗಾರರನ್ನೆಲ್ಲ ಹೊರಗೆ ಕಳಿಸಿ ಎಂಜಿನಿಯರನ್ನು ಅದೇ ದಿನ ಕರೆಸಿ.

ಎರಡು ವರ್ಷವೆಂದು ನೀವು ಬರೆದಿದ್ದೀರಿ. ಇಂಥ ಲೆಕ್ಕಗಳು ಸಾಮಾನ್ಯವಾಗಿ ಬೆಳೆಯುತ್ತವೆ. ಸಿಸಿಲಿಯ ನೋಟೋ ಪಟ್ಟಣದ ಕ್ಯಾಥೆಡ್ರಲ್ 1990ರ ಡಿಸೆಂಬರಿನ ಭೂಕಂಪದಲ್ಲಿ ಹಾನಿಗೊಂಡು, 1996ರ ಮಾರ್ಚ್ 13ರಂದು, ಐದು ವರ್ಷಕ್ಕೂ ಹೆಚ್ಚು ಕಾಲದ ಮೇಲೆ, ಅದರ ಗುಮ್ಮಟದ ಬಹುಭಾಗ ಮತ್ತು ಚಾವಣಿ ಕುಸಿದವು. ಆದ್ದರಿಂದ ಊರೆಗಳನ್ನು ಐದು ವರ್ಷಕ್ಕೆ ಎಂಬಂತೆ ಮಾಡಿಸಿ: ಮರದ ಬುಡ ನೆಲದ ತೇವಕ್ಕೆ ತಾಗದಿರಲಿ, ಗೆದ್ದಲಿಗೆ ಔಷಧಿ ಬಿದ್ದಿರಲಿ, ಉಕ್ಕಿಗೆ ಬಣ್ಣವಿರಲಿ. ತಿಂಗಳಿಗೊಮ್ಮೆ, ಹಾಗೂ ಪ್ರತಿ ದೊಡ್ಡ ಮಳೆಗಾಳಿಯ ಮರುದಿನ, ಹೆಸರು ಬರೆದು ಒಪ್ಪಿಸಿದ ಒಬ್ಬರು ಪ್ರತಿ ಬೆಣೆಯನ್ನೂ ಕೈಯಿಂದ ಮುಟ್ಟಿ ನೋಡಿ ದಾಖಲೆ ಪುಸ್ತಕದಲ್ಲಿ ಸಹಿ ಹಾಕಬೇಕು. ಈ ನಿರ್ವಹಣೆಯ ಖರ್ಚನ್ನು ಜೀರ್ಣೋದ್ಧಾರದ ನಿಧಿಯಿಂದ ಬೇರೆಯಾಗಿ ಈಗಲೇ ತೆಗೆದಿಡಿ.

ಕೊನೆಗೆ ಜೀರ್ಣೋದ್ಧಾರ ಮುಗಿದು ಊರೆ ತೆಗೆಯುವ ಹೊತ್ತು ಬಂದಾಗ, ಅವನ್ನು ಒಂದೇ ದಿನ ಕಳಚಬೇಡಿ. ಹೊಸ ಗಾರೆ ಬಲಿತ ಮೇಲೆ ಕಮಾನುಗಳ ಸೆಂಟ್ರಿಂಗಿನ ಬೆಣೆಗಳನ್ನು ಕೂದಲೆಳೆಯಷ್ಟು ಸಡಿಲಿಸಿ, ಕೆಲವು ದಿನ ಅಳತೆಗಳನ್ನು ನೋಡಿ, ಏನೂ ಕದಲದಿದ್ದರೆ ಇನ್ನಷ್ಟು ಸಡಿಲಿಸಿ. ಕಮಾನುಗಳು ಸ್ವಂತವಾಗಿ ನಿಂತವೆಂದು ಖಚಿತವಾದ ಮೇಲೆ ಕಂಬದ ಊರೆ, ಎಲ್ಲಕ್ಕೂ ಕೊನೆಯಲ್ಲಿ ಗೋಡೆಯ ಊರೆ ತೆಗೆಯಿರಿ.